ಟೀಚರ್ ರೋಮಿಗೆ ಹೊರಟ ದಿನ

ಟೀಚರ್ ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸದಾ ಒಂದನ್ನೊಂದು ಉಜ್ಜುತ್ತಿರುತ್ತಿದ್ದವು. ನಿವೃತ್ತರಾಗಿ ಏಳು ವರ್ಷವಾದರೂ ಸೀಮೆಸುಣ್ಣದ ಪುಡಿ ಉದುರಿಸುವ ಆ ಚಾಳಿ ಹೋಗಿರಲಿಲ್ಲ. ಆ ದಿನ ಬೆಳಿಗ್ಗೆ ಅವರು ಬಿಳಿಯ ಕೈಗವಸು ತೊಟ್ಟಿದ್ದರು. ಹ್ಯೂಸ್ಟನ್ನಿನ ಮೇ ತಿಂಗಳ ಸೆಕೆಯಲ್ಲಿ, ಗವಸಿನೊಳಗೂ ಆ ಎರಡು ಬೆರಳುಗಳು ಉಜ್ಜುತ್ತಿದ್ದುದು ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು.

ನನ್ನ ಬೆಳಗು ಎಂದಿನದೇ. ಮನೆಯವರು ಡ್ಯೂಟಿಗೆಂದು ಆಸ್ಪತ್ರೆಗೆ ಹೋಗಿಯಾಗಿತ್ತು. ಹಾಲಿಗೆ ಹೆಪ್ಪು ಹಾಕಿ, ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಪಕ್ಕದ ಮನೆಯ ಟೀಚರ್ ದಿನವೂ ತಮ್ಮ ಪೇಪರ್ ಎತ್ತಿಕೊಳ್ಳುವಾಗ ನಮ್ಮದನ್ನೂ ಹುಲ್ಲಿನಿಂದ ಎತ್ತಿ ಬಾಗಿಲ ಬಳಿ ಇಡುತ್ತಿದ್ದರು. ಆ ದಿನವೂ ಇಟ್ಟರು. ಆಮೇಲೆ ಸೂಟ್‌ಕೇಸ್ ತಂದು ನನ್ನ ಕಾರಿನ ಪಕ್ಕ ನಿಲ್ಲಿಸಿ, ಹ್ಯಾಟ್ ಸರಿಮಾಡಿಕೊಂಡು, ನನ್ನನ್ನು ಕರೆಯದೆ ಅಲ್ಲೇ ನಿಂತರು. ವಿಮಾನಕ್ಕೆ ಇನ್ನೂ ಆರು ಗಂಟೆಯಿತ್ತು.

ಹೈಸ್ಕೂಲಿನಲ್ಲಿ ನಲವತ್ತು ವರ್ಷ ಲ್ಯಾಟಿನ್ ಕಲಿಸಿದವರು ಅವರು. ಮದುವೆಯಾಗಿರಲಿಲ್ಲ. ನಾನು ಈ ಊರಿಗೆ ಬಂದು, ಸಂಜೆಯವರೆಗೆ ಮಾತಿಗೆ ಯಾರೂ ಇಲ್ಲದೆ ಕಿಟಕಿಯ ಪರದೆಗಳನ್ನು ಮತ್ತೆ ಮತ್ತೆ ಒಗೆಯುತ್ತಿದ್ದ ದಿನಗಳಲ್ಲಿ, ಬೇಲಿಯಾಚೆಯಿಂದ ಒಂದು ದಿನ, ಪರದೆಗಳಿಗೂ ರಜೆ ಬೇಕಾಗುತ್ತದೆ ಎಂದರು. ಮರುದಿನವೇ ತಮ್ಮ ಹಡಗಿನಂಥ ಕಾರಿನಲ್ಲಿ ಕೂರಿಸಿ ಡ್ರೈವಿಂಗ್ ಕಲಿಸತೊಡಗಿದರು. ಸ್ಟಾಪ್ ಫಲಕದ ಬಳಿ ಪೂರ್ತಿ ನಿಲ್ಲಿಸದೆ ನಾನು ಕಾರನ್ನು ತೆವಳಿಸಿದರೆ, "ಡಿಯರ್, ಆ ಕೆಂಪು ಫಲಕ ನಿನ್ನ ಅಭಿಪ್ರಾಯ ಕೇಳುತ್ತಿಲ್ಲ" ಎನ್ನುವರು. ದನಿ ಏರಿಸಿದ್ದು ನಾನು ಕೇಳಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರುಗಳಿಗೆ ಹೆದರಿ ಬೆಳೆದ ನನಗೆ, ನಗುತ್ತ ಕಲಿಸಬಹುದು ಎಂಬುದೇ ಹೊಸದು.

ಅವರ ಊಟದ ಮೇಜಿನ ಗೋಡೆಗೆ ರೋಮ್ ನಗರದ ನಕ್ಷೆಯಿತ್ತು. ಯೂರೋಪಿಗೆ ಹೊರಟವರು ಯಾರೇ ಸಿಕ್ಕರೂ ತೆಳು ಕಾಗದದಲ್ಲಿ ಟೈಪು ಮಾಡಿದ ಪಟ್ಟಿ ಕೊಡುತ್ತಿದ್ದರು: ಕೊಲೋಸಿಯಂ ಇಷ್ಟು ಹೊತ್ತಿಗೆ, ಟ್ರೆವಿ ಕಾರಂಜಿಗೆ ಇಂಥ ಗಲ್ಲಿಯಿಂದ, ಸ್ಪ್ಯಾನಿಷ್ ಮೆಟ್ಟಿಲುಗಳನ್ನು ಕೆಳಗಿನಿಂದಲೇ ಹತ್ತಬೇಕು. ಹಿಂದಿರುಗಿದವರಿಗೆ ಚಹಾ ಕೊಟ್ಟು ಪರೀಕ್ಷೆ. ಆದರೆ ಅವರು ಒಮ್ಮೆಯೂ ರೋಮಿಗೆ ಹೋಗಿರಲಿಲ್ಲ. ಮೊದಲು ತಾಯಿಯ ಕಾಯಿಲೆ ಅಡ್ಡ ಬಂತು, ಸರಿ. ತಾಯಿ ತೀರಿಕೊಂಡು ವರ್ಷಗಳೇ ಆಗಿದ್ದವು. ಒಮ್ಮೆ ಧೈರ್ಯ ಮಾಡಿ ಕೇಳಿದೆ. ಹೇಳಿದರು:

"ಅಷ್ಟು ಮಕ್ಕಳಿಗೆ ಆ ಊರನ್ನು ಕಣ್ಣಾರೆ ಕಂಡವಳ ಹಾಗೆ ವರ್ಣಿಸಿದ್ದೇನೆ. ಹೋಗಿ ನೋಡಿದಾಗ ಅದು ಬೇರೆಯೇ ಆಗಿದ್ದರೆ? ಅವರನ್ನೆಲ್ಲ ಎಲ್ಲಿ ಹುಡುಕಿ ತಿದ್ದಲಿ?"

ಅದಾದ ಬೇಸಿಗೆಯಲ್ಲಿ ನಾನು ಅತ್ತೆಯನ್ನು ಕರೆತರಲು ಧಾರವಾಡಕ್ಕೆ ಹೋದೆ. ಆಗೆಲ್ಲ ಅದೇ ಟಿಕೆಟ್ಟಿನಲ್ಲಿ ದಾರಿಯಲ್ಲಿ ಒಂದು ಊರಿನಲ್ಲಿ ಇಳಿದು ಹೋಗಬಹುದಿತ್ತು. ವಾಪಸು ಬರುವಾಗ ರೋಮಿನಲ್ಲಿ ಒಂದಿಡೀ ದಿನ. ಟೀಚರ್ ಪಟ್ಟಿಯಲ್ಲಿ ಏಳು ಜಾಗಗಳಿದ್ದವು, ಮೊದಲನೆಯದು ಪ್ಯಾಂಥಿಯನ್. ಹಳೆಯ ದೇವಾಲಯ, ಈಗ ಚರ್ಚು. ಗುಮ್ಮಟದ ನಡುನೆತ್ತಿಯಲ್ಲಿ ಆಕಾಶ ಕಾಣುವಂತೆ ದೊಡ್ಡ ತೂತು.

ಬಾಗಿಲಿನ ದಪ್ಪ ಕಂಬಗಳ ಬಳಿ ಬಂದದ್ದೇ ಅತ್ತೆ ನಿಂತರು. ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿದೆ ಕೂಡ, ಮೆಲ್ಲಗೆ.

"ಗುಡಿ ಅಂದಮ್ಯಾಲೆ ಗುಡೀನ. ಯಾ ದೇವರಿದ್ರೇನು, ಕಾಲ್ಮರಿ ಮೆಟ್ಟಿಕೊಂಡು ಒಳಗ ಹೋಗ್ತಾರನು? ಬಿಡವಾ."

ಬಿಟ್ಟೆವು. ಎರಡು ಜೊತೆ ಚಪ್ಪಲಿಗಳನ್ನು ಕಂಬದ ಬುಡದಲ್ಲಿ ಅತ್ತೆಯೇ ಒಪ್ಪವಾಗಿ ಜೋಡಿಸಿದರು. ಅರ್ಧ ಗಂಟೆಯ ನಂತರ ಬಂದು ನೋಡಿದರೆ ಕಂಬ ಮಾತ್ರ ಇತ್ತು.

ನನಗೆ ಅಳು ಬಂತು. ಅತ್ತೆಗೆ ಸಂತೋಷವೇ. ಗುಡಿಯ ಮುಂದೆ ಚಪ್ಪಲಿ ಕಳೆದರೆ ಪೀಡೆ ಕಳೆದಂತೆ ಎಂಬುದು ಅವರ ನಂಬಿಕೆ. ಪರದೇಶದಲ್ಲಿ ಕಳೆದದ್ದರಿಂದ ಇನ್ನೂ ದೊಡ್ಡ ಪೀಡೆಯೇ ಹೋಗಿರಬೇಕು ಎಂದರು. ಚಪ್ಪಲಿ ಅಂಗಡಿ ಹುಡುಕಿ ಹೋದರೆ ಮಧ್ಯಾಹ್ನದ ನಿದ್ದೆಗೆಂದು ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಕಾಫಿ ಹೋಟೆಲಿನವನೊಬ್ಬ ನಮ್ಮ ಕಾಲುಗಳನ್ನು ನೋಡಿ, ಏನೂ ಕೇಳದೆ, ಎರಡು ಕುರ್ಚಿಗಳನ್ನು ನೆರಳಿಗೆ ಎಳೆದುಕೊಟ್ಟ. ಆ ಗುಡಿಯೆದುರಿನ ಚೌಕದಲ್ಲೇ ಇಳಕಲ್ ಸೀರೆಯ ಅತ್ತೆಯೂ ನಾನೂ ಸಂಜೆ ನಾಲ್ಕರವರೆಗೆ ಹಚ್ಚಿದ ಅವಲಕ್ಕಿ ತಿನ್ನುತ್ತ ಕೂತೆವು. ಅಂಗಡಿ ತೆರೆದು ಚಪ್ಪಲಿ ಕೊಳ್ಳುವಷ್ಟರಲ್ಲಿ ವಿಮಾನದ ಹೊತ್ತಾಗಿತ್ತು; ಉಳಿದ ಆರು ಜಾಗಗಳು ಪಟ್ಟಿಯಲ್ಲೇ ಉಳಿದವು.

ಹ್ಯೂಸ್ಟನ್ನಿಗೆ ಬಂದ ಮರುದಿನ ಚಹಾಕ್ಕೆ ಕರೆ ಬಂತು. ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಹಾಕಿಸಲು ಹೋದವಳ ಹಾಗೆ ಹೋದೆ. ಅತ್ತೆಯೂ ಬಂದರು. ಕೊಲೋಸಿಯಂ ಎಂದರು ಟೀಚರ್; ಇಲ್ಲ ಎಂದೆ. ಮೆಟ್ಟಿಲು? ಇಲ್ಲ. ಕಡೆಗೆ ಚಪ್ಪಲಿಯ ಕಥೆ ಹೇಳಿಬಿಟ್ಟೆ. ಅವರ ಕೈಯ ಚಹಾದ ಕಪ್ ಅರ್ಧದಲ್ಲೇ ನಿಂತಿತು.

"ಬರಿಗಾಲಲ್ಲಿ ನಡೆದಿರಾ? ನೆಲ ಹೇಗಿತ್ತು?"

ಬೆಳಿಗ್ಗೆ ಮಳೆ ಬಿದ್ದಿತ್ತು ಎಂದೆ. ನಡುವೆ ನೆಲ ಹೊಟ್ಟೆಯ ಹಾಗೆ ಸ್ವಲ್ಪ ಉಬ್ಬಿದ್ದು ಅಂಗಾಲಿಗೆ ತಿಳಿಯುತ್ತಿತ್ತು. ನೀರು ಸಣ್ಣ ಸಣ್ಣ ತೂತುಗಳಿಗೆ ಹರಿಯುತ್ತಿತ್ತು. ಸುತ್ತ ಕಲ್ಲು ಫ್ರಿಜ್ಜಿನಷ್ಟು ತಣ್ಣಗೆ. ಆಮೇಲೆ ಮೇಲಿನಿಂದ ದುಂಡಗೆ ಬಿಸಿಲು ಬಿತ್ತು. ಆ ದುಂಡಿನೊಳಗೆ ಕಾಲಿಟ್ಟರೆ ಅಲ್ಲಷ್ಟೇ ಬೆಚ್ಚಗೆ. ಅತ್ತೆ ಅದನ್ನು ಬಿಟ್ಟು ಬರಲು ಒಪ್ಪದೆ, ಬಿಸಿಲು ಸರಿದಂತೆಲ್ಲ ತಾವೂ ಸರಿದು ನಿಂತಿದ್ದರು.

"ಬೆಚ್ಚಗೆ," ಎಂದರು ಟೀಚರ್. "ಅಳತೆಯೆಲ್ಲ ನನಗೆ ಗೊತ್ತು. ಇದು ಗೊತ್ತಿರಲಿಲ್ಲ."

ಅವರ ಮುಖ ನೋಡಿದ ಅತ್ತೆ ವಿಷಯವೇನೆಂದು ನನ್ನನ್ನು ಕೇಳಿದರು. ಆ ಊರಿನ ಪಾಠವನ್ನೇ ಮಾಡಿದವರು, ಆದರೆ ಹೋಗಿಲ್ಲ ಎಂದೆ. ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವಂತೆಯೇ ಕರೆದು ಅತ್ತೆ ನೇರವಾಗಿ ಹೇಳಿದರು:

"ಅಕ್ಕಾರ, ಕಾಲಿಡದ ಊರಿನ ಪಾಠ ಅರ್ಧಾನ ಆಗ್ತದ. ಉಳಿದ ಅರ್ಧಾ ಯಾವಾಗ ಮುಗಸ್ತೀರಿ?"

ಇದನ್ನು ಹೇಗೆ ಹೇಳಲಿ? ಮೇ ತಿಂಗಳಲ್ಲಿ ಅಲ್ಲಿ ಹವೆ ಚೆನ್ನಾಗಿರುತ್ತದಂತೆ ಎಂದು ಅನುವಾದಿಸಿದೆ.

"ಡಿಯರ್, ಅದು ಹವೆಯ ಬಗ್ಗೆ ಹೇಳುವವರ ಮುಖವಲ್ಲ."

ಇದ್ದದ್ದನ್ನು ಇದ್ದಂತೆ ಹೇಳಿದೆ. ನಾಲ್ಕು ದಿನ ಪೇಪರ್ ಬಾಗಿಲಿಗೆ ಬಂತು, ಟೀಚರ್ ಒಳಗೆ ಬರಲಿಲ್ಲ. ನೋಯಿಸಿದೆವೆಂದು ನಾನು ಒದ್ದಾಡಿದೆ. ಅತ್ತೆ ನಿಶ್ಚಿಂತೆಯಿಂದ ಸಂಡಿಗೆ ಒಣಗಿಸಿದರು. ಐದನೆಯ ದಿನ ಟೀಚರ್ ಪಾಸ್‌ಪೋರ್ಟಿನ ಅರ್ಜಿಯ ಫೋಟೋ ಹಿಡಿದು ಬಂದು, ಇದರಲ್ಲಿ ನಾನು ಕಳ್ಳಿಯ ಹಾಗೆ ಕಾಣುತ್ತೇನೆಯೇ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಹೌದೆಂದು ತಲೆಯಾಡಿಸಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೀಗೆ ಮುಂದಿನ ಮೇ ತಿಂಗಳ ಆ ಬೆಳಿಗ್ಗೆ, ಅವರೇ ಕಲಿಸಿದ ಡ್ರೈವಿಂಗಿನಲ್ಲಿ ಅವರನ್ನೇ ಏರ್‌ಪೋರ್ಟಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರು ನನ್ನ ಒಂದು ತಪ್ಪನ್ನೂ ತಿದ್ದಲಿಲ್ಲ. ಆಗ ಕಳಿಸಲು ಬಂದವರನ್ನೂ ವಿಮಾನದ ಬಾಗಿಲವರೆಗೆ ಬಿಡುತ್ತಿದ್ದರು; ಅಲ್ಲಿ ನಿಂತು, ಈಗಲೂ ವಾಪಸು ಹೋಗಬಹುದಲ್ಲವೇ ಎಂದರು. ಹೋಗಬಹುದು, ಆದರೆ ಮನೆಯಲ್ಲಿ ಅತ್ತೆ ಇದ್ದಾರೆ ಎಂದೆ. ನಕ್ಕು ಹತ್ತಿದರು.

ಮುಂದೆ ಅವರು ಇನ್ನೂ ಮೂರು ಸಲ ರೋಮಿಗೆ ಹೋಗಿಬಂದರು, ಎಂಬತ್ತಾರನೆಯ ವಯಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಈ ದೇಶದ ರಸ್ತೆಗಳಲ್ಲಿ ನಾನು ಒಬ್ಬಳೇ ಹೋದ ಎಲ್ಲ ಕಡೆಗೂ ಅವರದೇ ಋಣ. ಆದರೆ ಅದೆಲ್ಲ ಆಮೇಲಿನ ಮಾತು. ಆ ದಿನ ಮಾತ್ರ ನನಗೆ ಒಂದೇ ಚಿಂತೆ: ಆ ಊರು ಅವರು ಹೇಳಿದಂತೆ ಇಲ್ಲದಿದ್ದರೆ?

ಸಂಜೆ ಎದುರುಮನೆಯಾತ ಹುಲ್ಲಿಗೆ ಪೈಪಿನಿಂದ ನೀರು ಬಿಡುತ್ತಿದ್ದ. ತೈಲ ಕಂಪನಿಯ ಇಂಜಿನಿಯರ್. ಹುಡುಗನಾಗಿದ್ದಾಗ ಟೀಚರ್ ಅವರ ಕ್ಲಾಸಿನಲ್ಲಿ ಎರಡು ವರ್ಷ ಕೂತವನು. ಅವರು ಹೊರಟರೆಂದು ಹೇಳಿ, ನನ್ನ ಚಿಂತೆಯನ್ನೂ ಹೇಳಿದೆ. ಕಲಿಸಿದ್ದು ತಪ್ಪಾಗಿದ್ದರೆ ತಮ್ಮ ಹುಡುಗರನ್ನೆಲ್ಲ ಎಲ್ಲಿ ಹುಡುಕಲಿ ಎಂಬುದೇ ಅವರ ಭಯ ಎಂದೆ.

ಆತ ಪೈಪನ್ನು ಇನ್ನೊಂದು ಮೂಲೆಗೆ ತಿರುಗಿಸಿದ.

"ನನ್ನನ್ನು ಹುಡುಕೋದು ಬೇಡ ಅಂತ ಹೇಳಿ. ನಾನು ಕೇಳಿಸಿಕೊಂಡೇ ಇರಲಿಲ್ಲ."