ಭಾವನ ಬಲಗೈ

ಮೊನ್ನೆ ಸಿದ್ದಾಪುರದ ಗ್ರಂಥಿಗೆ ಅಂಗಡಿಯವನು ಒಂದು ಡಬ್ಬಿ ತೆರೆದ. ಜ್ಯೇಷ್ಠಮಧುವಿನ ವಾಸನೆ ಬಂತು, ಅದರ ಹಿಂದೆಯೇ ಭಾವನ ನೆನಪೂ ಬಂತು. ತಾಳಮದ್ದಳೆಗೆ ಕೂರುವ ಮೊದಲು ಅದರ ಒಂದು ಕಡ್ಡಿ ಅವನ ಬಾಯಲ್ಲಿ ಇರಲೇಬೇಕು. ನಾನೂ ವರ್ಷಗಟ್ಟಲೆ ಅಗಿದೆ. ನನ್ನ ಕಂಠ ಮಾತ್ರ ಇದ್ದ ಹಾಗೇ ಇತ್ತು.

ಅವನು ಅಕ್ಕನ ಗಂಡ. ನಾವಿಬ್ಬರೂ ಅರ್ಥಧಾರಿಗಳು, ಭಾಗವತರು ಪದ್ಯ ಹಾಡಿದ ಮೇಲೆ ಪಾತ್ರವಾಗಿ ಮಾತಾಡುವವರು. ಅವನಿಗೆ ಯಾವಾಗಲೂ ರಾಜ, ನನಗೆ ದೂತ. ಎಕ್ಕಂಬಿಯಾಗಲಿ ಮತ್ತಿಘಟ್ಟವಾಗಲಿ, ಚಪ್ಪಾಳೆಯೆಲ್ಲ ಅವನ ಪಾಲು. ಮನೆಗೆ ಬರುವಾಗ ನನ್ನ ಬೈಕಿನ ಹಿಂದೆ ಕೂತು ಹೇಳುತ್ತಿದ್ದ, "ನಿಂದು ಅಡ್ಡಿಲ್ಲೆ. ಕಡೇ ಮಾತು ಒಂಚೂರು ಎಳದೆ." ಅವನು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು, ಅದಕ್ಕೇ ಮೈಯೆಲ್ಲ ಉರಿಯುತ್ತಿತ್ತು. ಅವನದೂ ಒಂದು ತಪ್ಪು ಸಿಗಲಿ ಎಂದು ಪ್ರತಿ ಸಲವೂ ಕಾದು ಕೂತಿರುತ್ತಿದ್ದೆ...

ಒಂದು ಭಾನುವಾರ ಮಧ್ಯಾಹ್ನ ಇಸಳೂರಿನಲ್ಲಿ ಸಿಕ್ಕಿತು. ಮಗ ಸತ್ತ ಸುದ್ದಿ ಕೇಳಿದ ರಾಜ ಅವನು. ಇದ್ದಕ್ಕಿದ್ದಂತೆ ಮಾತು ತೊದಲಿತು, ತುಟಿ ಒಂದು ಕಡೆ ಜಾರಿತು. ಪುತ್ರಶೋಕ ಎಂದುಕೊಂಡು ಸಭೆ ಚಪ್ಪಾಳೆ ತಟ್ಟಿತು, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ತೊದಲಿದರೂ ಇವನಿಗೆ ಚಪ್ಪಾಳೆಯೇ! ಆದರೆ ಎಂಥ ದುಃಖದ ಪಾತ್ರದಲ್ಲೂ ಅವನು ತೊದಲಿದವನಲ್ಲ. ನೋಡಿದರೆ, ಮಾತಿಗೆ ಮೊದಲೇ ಏಳುವ ಅವನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಎದ್ದು ನಿಂತು ತಾಳಮದ್ದಳೆ ನಿಲ್ಲಿಸಿದೆ.

"ಪಿತ್ತ ಏರಿಕ್ಕು, ಪಾನಕ ಕೊಡಿ" ಎಂದರು ಯಾರೋ.

"ಪಾನಕನೂ ಬ್ಯಾಡ, ಎಂತದೂ ಬ್ಯಾಡ, ಕಾರು ತೆಗಿ!" ಎಂದು ಕಿರುಚಿದೆ.

ಶಿರಸಿಯ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಇದು ಯಾವಾಗ ಶುರುವಾಯಿತು ಎಂದು. ಜೊತೆಗೆ ಬಂದವರು ಪಿತ್ತದ ಮಾತೇ ಎತ್ತಿದರು. ನಾನು ಹೇಳಿದೆ: ಎರಡನೇ ಪದ್ಯದ ಅರ್ಥದ ನಡುವೆ, ಇನ್ನೂ ಅರ್ಧ ಗಂಟೆ ಆಗಿಲ್ಲ. ಕೂಡಲೇ ಅವನನ್ನು ದೊಡ್ಡ ಬಳೆಯಂಥ ಯಂತ್ರದೊಳಗೆ ಸರಿಸಿ ತಲೆಯ ಸ್ಕ್ಯಾನಿಂಗ್ ಮಾಡಿದರು. ಮೆದುಳಿನಲ್ಲಿ ರಕ್ತ ಸೋರಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಹಾಗಿಲ್ಲವಂತೆ, ನಾಳ ಕಟ್ಟಿಕೊಂಡಿದ್ದರೆ ತಡ ಮಾಡುವ ಹಾಗಿಲ್ಲವಂತೆ. ಬಾಗಿಲ ಹೊರಗೆ ನಿಂತು, ಇವನ ಮಾತು ಉಳಿಯಲಿ ದೇವರೇ ಎಂದು ಬೇಡಿಕೊಂಡೆ. ನಾನು ಹಾಗೆ ಬೇಡಿಕೊಳ್ಳುವ ದಿನ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ರಕ್ತ ಸೋರಿರಲಿಲ್ಲ. ಇಂಜೆಕ್ಷನ್ ಕೊಟ್ಟರು. ನಿಧಾನವಾಗಿ ಮಾತು ಮರಳಿತು, ಕೈಯೂ ಎದ್ದಿತು. ಮರಳಿದ್ದೇ ತಡ, ಆ ಸ್ಕ್ಯಾನಿಂಗಿನ ಕಥೆಯನ್ನೇ ಊರೂರಲ್ಲಿ ಹೇಳತೊಡಗಿದ. "ಎನ್ನ ಮಾತು ಕೆಟ್ಟಿದ್ದು ಇವಂಗೆ ಬಿಟ್ರೆ ಯಾರಿಗೂ ಗೊತ್ತಾಜಿಲ್ಲೆ. ಹೊಟ್ಟೆಕಿಚ್ಚು ಅಂದ್ರೆ ಹಿಂಗಿರವು!" ಜನ ಬಿದ್ದು ಬಿದ್ದು ನಗುತ್ತಿದ್ದರು. ಕಾಪಾಡಿದವನು ನಾನು, ಚಪ್ಪಾಳೆ ಮತ್ತೆ ಅವನಿಗೇ.

ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡ. ಅಂಥ ಸಾವೂ ಅವನಿಗೇ ಸಿಕ್ಕಿತು...

ಈಗ ರಾಜನ ಪಾತ್ರ ನನ್ನದು. ಯಲ್ಲಾಪುರದಲ್ಲಿ ಕಳೆದ ವಾರ ದೂತನಾಗಿ ಒಬ್ಬ ಮೇಷ್ಟ್ರು ಕೂತಿದ್ದರು. ಬಹಳ ಒಳ್ಳೆಯ ಮನುಷ್ಯ, ನಾನು ಏನು ಹೇಳಿದರೂ ತಲೆದೂಗುತ್ತಾರೆ. ಅವರಿಗೆ ನನ್ನ ಮೇಲೆ ಒಂದಿಷ್ಟೂ ಹೊಟ್ಟೆಕಿಚ್ಚಿಲ್ಲ. ನಾಳೆ ನನ್ನ ಮಾತು ತೊದಲಿದರೆ ಅವರೂ ಚಪ್ಪಾಳೆ ತಟ್ಟುತ್ತಾರೆ.