ಶುಕ್ರವಾರದ ಒದ್ದೆ ಮೆಟ್ಟಿಲು

ಗುರು, ವಾಟರ್ ಫಿಲ್ಟರ್ ರಿಪೇರಿಗೆ ಅಂತ ಜರಗನಹಳ್ಳಿಗೆ ಹೋದ್ರೆ, ಗೇಟ್ ತೆಗೆಯೋಕೆ ಕಸ್ಟಮರ್ ಒದ್ದೆ ಮೆಟ್ಟಿಲ ಮೇಲೆ ಕೂತ್ಕೊಂಡು, ಒಂದೊಂದೇ ಮೆಟ್ಟಿಲು ಜರುಗಿಕೊಂಡು ಇಳೀತಿದ್ದಾರೆ! ರಿಟೈರ್ ಆದ್ಮೇಲೆ ಇಲ್ಲಿ ಖರ್ಚು ಕಮ್ಮಿ ಅಂತ ಇಂಗ್ಲೆಂಡಿಂದ ಬಂದು ಬಾಡಿಗೆಗಿರೋ ಅಜ್ಜ. ನಾನೇ ಗೇಟ್ ಒಳಗೆ ಕೈ ಹಾಕಿ ಚಿಲಕ ತೆಗೆದು, ಹಿಡ್ಕೊಳೋಕೆ ಓಡಿದೆ.

"ಮೆಲ್ಲಗೆ! ನೀನೂ ಬೀಳ್ತೀಯ," ಅಂದ್ರು ಇಂಗ್ಲಿಷಲ್ಲಿ. "ಇಲ್ಲಿ ಅಕ್ಕಿ ಅಗ್ಗ, ಬಾಡಿಗೆ ಅಗ್ಗ, ಬೀಳೋದು ಮಾತ್ರ ದುಬಾರಿ. ಈ ವಯಸ್ಸಿಗೆ ಯಾರೂ ಇನ್ಶೂರೆನ್ಸ್ ಕೊಡಲ್ಲ. ಸೊಂಟ ಮುರಿದ್ರೆ ಇರೋ ದುಡ್ಡೆಲ್ಲ ಆಸ್ಪತ್ರೆಗೆ. ಶುಕ್ರವಾರ ಮೆಟ್ಟಿಲು ತೊಳೀಬೇಡಿ ಅಂತ ಓನರ್‌ಗೆ ಕನ್ನಡದಲ್ಲಿ ಹೇಳ್ತೀಯಾ?"

ಹೇಳಿದೆ. ಕೆಳಗಿನ ಮನೆ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ಓನರ್ ಆಂಟಿ ಸಿಡುಕಿದ್ರು: "ಶುಕ್ರವಾರ ತೊಳೀದೆ ಇದ್ರೆ ಲಕ್ಷ್ಮಿ ಬರ್ತಾಳೇನಪ್ಪ?"

"ಆಂಟಿ, ಅವ್ರು ಬಿದ್ರೆ ಅವ್ರ ಲಕ್ಷ್ಮಿ ಪೂರ್ತಿ ಹೊರಟೋಗ್ತಾಳೆ!"

ಆಂಟಿ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜನ್ನ ನೋಡಿದ್ರು. ಆಮೇಲೆ ಹಳೇ ಸೀರೆ ತಂದು, ಮೆಟ್ಟಿಲ ಕಂಬಿ ಪಕ್ಕ ಮಾತ್ರ ಮೇಲಿಂದ ಕೆಳಗಿನ ತನಕ ಒರೆಸಿದ್ರು. "ಈ ಕಡೆ ಅವ್ರದು, ಆ ಕಡೆ ಲಕ್ಷ್ಮೀದು. ಹೇಳು ಅವ್ರಿಗೆ."

ಫಿಲ್ಟರ್ ರಿಪೇರಿ ಮಾಡಿ, ನಾನೂ ಕಂಬಿ ಬಿಗಿಯಾಗಿ ಹಿಡ್ಕೊಂಡು ಅಜ್ಜನ ಕಡೆಯಿಂದಲೇ ಇಳಿದೆ. ಇನ್ಶೂರೆನ್ಸ್ ನಂಗೂ ಇಲ್ಲ ಗುರು.