ಅರ್ಧಕ್ಕೆ ನಿಂತಿದ್ದ ಸೇಡಿನ ಕಾದಂಬರಿ

ನನ್ನ ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ಕಾಳುಮೆಣಸು ಎಂದು ಕರೆಯುತ್ತಾರೆ. ಅದು ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿದೆ. ಎರಡೂ ಕಡೆಯವರು ಏನೂ ತಿಳಿಯದವರ ಹಾಗೆ ಮುಖ ಇಟ್ಟುಕೊಂಡು ಹದಿನಾರು ವರ್ಷದಿಂದ ಹಾಯಾಗಿದ್ದೇವೆ. ಉತ್ತರ ಕೊಡಗಿನ ಒಂದು ಸಣ್ಣ ಊರಿನ ಡಿಗ್ರಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಒಂದು ಕೆಲಸವನ್ನು ಮಾತ್ರ ಖುಷಿಯಿಂದ ಮಾಡುತ್ತೇನೆ. ಶನಿವಾರ ಕ್ಲಾಸು ಮುಗಿದ ಮೇಲೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು, ಫ್ಲಾಸ್ಕಿನಲ್ಲಿ ತಂದ ಕಾಫಿ ಹಂಚಿ, ಒಂದು ಪುಸ್ತಕದ ಬಗ್ಗೆ ಹರಟುವುದು.

ಕಳೆದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ನಾವು ಕೈಗೆತ್ತಿಕೊಂಡದ್ದು ಒಂದು ಹಳೆಯ ಸೇಡಿನ ಕಾದಂಬರಿ. ಬೇರೆ ದೇಶದ್ದು, ಎಂದೋ ಕನ್ನಡಕ್ಕೆ ಬಂದದ್ದು. ಇಲ್ಲಿ ಯಾರ ಹೆಸರನ್ನೂ ಹೇಳಬಾರದೆಂದು ತೀರ್ಮಾನಿಸಿರುವುದರಿಂದ ಅದರ ಹೆಸರನ್ನೂ ಹೇಳುವುದಿಲ್ಲ. ಕಥೆ ಇಷ್ಟು: ಹತ್ತಿರದವರೇ ಮಾಡಿದ ಮೋಸದಿಂದ ಒಬ್ಬ ತರುಣ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಎಷ್ಟೋ ವರ್ಷಗಳ ನಂತರ ಬೇರೆ ಹೆಸರಿನಲ್ಲಿ, ಬೇರೆ ವೇಷದಲ್ಲಿ ಅದೇ ಜನರ ನಡುವೆ ಬಂದು ಒಬ್ಬೊಬ್ಬರ ಮೇಲೂ ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ.

ಮೊದಲ ಶನಿವಾರವೇ ಗಲಾಟೆ. ಮನೆಯಲ್ಲಿ ಮಲಯಾಳ ಮಾತಾಡುವ, ಗಟ್ಟಿ ಗಂಟಲಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಈ ಕಥೆ ನಮ್ಮ ಕಡೆ ನಡೆಯೋಕೇ ಸಾಧ್ಯ ಇಲ್ಲ. ಇವ್ನು ವೇಷ ಹಾಕ್ಕೊಂಡು ಮಾದಾಪುರದಲ್ಲಿ ಬಸ್ ಇಳಿದ ಅಂದ್ಕೊಳ್ಳಿ. ಅಂಗಡಿ ಅಜ್ಜ ಕೇಳೋದೇ ಮೊದ್ಲು, ನೀವು ಯಾರ ಮನೆಯವ್ರು ಅಂತ. ಅಲ್ಲಿಗೆ ಕಥೆ ಮುಗೀತು."

ಎಲ್ಲರೂ ನಕ್ಕರು. ಮಾತು ನಿಜವೇ. ನಮ್ಮಲ್ಲಿ ಮೊದಲು ಮನೆ, ಹೆಸರು ಆಮೇಲೆ. ಯಾರ ಮನೆ ಎಂದು ಹೇಳಿಬಿಟ್ಟರೆ ಅಜ್ಜ ಯಾರು, ತೋಟ ಯಾವುದು, ತಾಯಿಯ ತವರು ಎಲ್ಲಿ ಎನ್ನುವುದನ್ನೆಲ್ಲ ಕೇಳಿದವರೇ ಹೇಳಿ ಮುಗಿಸುತ್ತಾರೆ. "ಹೇಳ್ದಿದ್ರೂ ಬಿಡಲ್ಲ, ಮೂಗು ನೋಡೇ ಕಂಡುಹಿಡೀತಾರೆ" ಎಂದು ಇನ್ನೊಬ್ಬಳು ಸೇರಿಸಿದಳು.

ಆಗ ಕಿಟಕಿಯ ಪಕ್ಕದ ಹುಡುಗಿ ಕೈಯೆತ್ತಿದಳು. "ಎಸ್ಟೇಟಲ್ಲಿ ಹಂಗಲ್ಲ ಮೇಡಂ. ಬರೋರು ಹೋಗೋರು ಜಾಸ್ತಿ. ಯಾವ ಲೈನು ಅಂತ ಕೇಳ್ತಾರೆ, ಅಷ್ಟೇ. ಅವ್ನು ಬುದ್ಧಿವಂತ ಆಗಿದ್ರೆ ಎಸ್ಟೇಟಿಗೆ ಬಂದು ಸೇರ್ಕೋತಿದ್ದ."

ಕೆಲಸಗಾರರ ಸಾಲುಮನೆಗಳಿಗೆ ಲೈನು ಎನ್ನುವುದು ಇಲ್ಲಿನ ರೂಢಿ. ಈ ಹುಡುಗಿಯ ಅಪ್ಪ ಎಸ್ಟೇಟಿನಲ್ಲಿ ರೈಟರು, ಅಂದರೆ ದಿನದ ಹಾಜರಿ ಮತ್ತು ಕೊಯ್ದ ಕಾಫಿ ಹಣ್ಣಿನ ತೂಕ ಬರೆದುಕೊಳ್ಳುವವರು. ಅವರು ಎಸ್ಟೇಟು ಬದಲಿಸಿದಾಗೆಲ್ಲ ಇವಳು ಶಾಲೆ ಬದಲಿಸಿದ್ದಳು. ಆ ವರ್ಷವಷ್ಟೇ ಹಾಸನದ ಕಡೆಯಿಂದ ನಮ್ಮ ಕಾಲೇಜಿಗೆ ಬಂದಿದ್ದಳು. ಬಂದ ಹೊಸದರಲ್ಲಿ ನಾನೂ ಎಲ್ಲರ ಹಾಗೆ "ಯಾರ ಮನೆ?" ಎಂದು ಕೇಳಿದ್ದೆ. ಎಸ್ಟೇಟಿನ ಹೆಸರು ಹೇಳಿ ಸುಮ್ಮನಾಗಿದ್ದಳು. ನಾನೂ ಕೆದಕಲಿಲ್ಲ.

ಆ ಸಲ ಮಡಿಕೇರಿಯಲ್ಲಿ ಕಾಲೇಜು ಮಕ್ಕಳಿಗೆ ಒಂದು ಕಾರ್ಯಕ್ರಮವಿತ್ತು. ಒಂದೊಂದು ಕಾಲೇಜಿನಿಂದ ಒಬ್ಬರು ಹೋಗಿ, ತಾವು ಓದಿದ ಪುಸ್ತಕದ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಯಾರು ಹೋಗಬೇಕೆಂದು ಆರಿಸುವವಳು ನಾನು. ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನೇರವಾಗಿಯೇ ಕೇಳಿದಳು. "ಮೇಡಂ, ನಂಗೆ ಒಂದೇ ಒಂದ್ಸಲ ಮೈಕ್ ಮುಂದೆ ನಿಂತ್ಕೊಂಡು ಮಾತಾಡ್ಬೇಕು. ಎಲ್ಲಾ ಸ್ಕೂಲಲ್ಲೂ ಟೀಚರಿಗೆ ನನ್ನ ಹೆಸರು ಬಾಯಿಗೆ ಬರೋ ಹೊತ್ತಿಗೆ ನಾವು ಗಂಟುಮೂಟೆ ಕಟ್ತಿದ್ವಿ." ಅಷ್ಟು ಚೆನ್ನಾಗಿ ಮಾತಾಡುವವರು ಆ ಗುಂಪಿನಲ್ಲಿ ಇನ್ನೊಬ್ಬರಿರಲಿಲ್ಲ. ನೋಡೋಣ ಎಂದೆ, ಮನಸ್ಸಿನಲ್ಲಿ ಆಗಲೇ ಅವಳ ಹೆಸರು ಬರೆದಿಟ್ಟೆ.

ನಮ್ಮ ಲೈಬ್ರರಿಯಲ್ಲಿದ್ದದ್ದು ಆ ಕಾದಂಬರಿಯ ಒಂದೇ ಪ್ರತಿ. ಮನೆಯಲ್ಲಿ ಯಾರ ಬಳಿಯಾದರೂ ಇದ್ದರೆ ತನ್ನಿ ಎಂದಿದ್ದೆ. ಮೂರನೆಯ ಶನಿವಾರ ಆ ಹುಡುಗಿ ಹಳೆಯ ದಪ್ಪ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟಳು. "ನಮ್ಮಮ್ಮಂದು ಮೇಡಂ" ಎಂದಳು.

ಕೆಂಪು ಬಟ್ಟೆ ಅಂಟಿಸಿದ ಬೆನ್ನು. ತೆರೆದೆ. ಹೊಲಿಗೆಯ ಸಂದಿಯಿಂದ ಒಣ ಕಾಫಿ ಸಿಪ್ಪೆಯ ಚೂರೊಂದು ಮೇಜಿನ ಮೇಲೆ ಉದುರಿತು. ಮೊದಲ ಪುಟದಲ್ಲಿ ನಾಯಕನ ಚಿತ್ರ. ಅವನಿಗೆ ನೀಲಿ ಪೆನ್ನಿನಲ್ಲಿ ಬರೆದ ಕನ್ನಡಕ, ಕಿವಿಯವರೆಗೆ ಎಳೆದ ಮೀಸೆ. ಕನ್ನಡಕ ಬರೆದವಳು ನಾನು. ಮೀಸೆ ನನ್ನ ಗೆಳತಿಯದು.

ತಲೆಯೆತ್ತಿ ಹುಡುಗಿಯ ಮೂಗು ನೋಡಿದೆ. ಛೆ, ಅಷ್ಟು ತಿಂಗಳು ಕಣ್ಣೆದುರಿಗೇ ಇತ್ತು.

ನಾನೂ ಆ ಗೆಳತಿಯೂ ಆಗ ಒಂಬತ್ತನೇ ಕ್ಲಾಸು. ಮಾದಾಪುರದ ಹತ್ತಿರ ಅವಳ ಮನೆಯ ಕಾಫಿ ಕಣ, ಅದರಾಚೆ ನಮ್ಮ ಮನೆ. ಕೊಯ್ದ ಹಣ್ಣು ಕಣದಲ್ಲಿ ಒಣಗುವಾಗ ದನ ಬರದ ಹಾಗೆ ಕಾಯುವುದು, ಆಗಾಗ ಕಾಲಿನಲ್ಲಿ ಸಾಲೆಳೆದು ತಿರುವುವುದು ಮಕ್ಕಳ ಕೆಲಸ. ಶಾಲೆಯ ಲೈಬ್ರರಿಯಿಂದ ಈ ಕಾದಂಬರಿಯನ್ನು ನಾನು ನನ್ನ ಹೆಸರಿನಲ್ಲಿ ತಂದಿದ್ದೆ. ಕಣದ ಅಂಚಿನಲ್ಲಿ ಸಿಲ್ವರ್ ಓಕ್ ಮರದ ನೆರಳಿಗೆ ಕೂತು ಒಂದು ಪುಟ ನಾನು, ಒಂದು ಪುಟ ಅವಳು ಗಟ್ಟಿಯಾಗಿ ಓದುತ್ತಿದ್ದೆವು. ಒಬ್ಬಳೇ ಮುಂದೆ ಓದಕೂಡದು ಎಂದು ಆಣೆ. ಅದಕ್ಕೇ ಪುಸ್ತಕ ಒಂದು ದಿನ ನನ್ನಲ್ಲಿ, ಒಂದು ದಿನ ಅವಳಲ್ಲಿ. ನಾಯಕ ವೇಷ ಮರೆಸಿಕೊಂಡು ಊರಿಗೆ ಬಂದು, ಮೋಸ ಮಾಡಿದವನ ಮನೆಯ ಬಾಗಿಲು ತಟ್ಟುವಲ್ಲಿಗೆ ಬಂದಿದ್ದೆವು.

ಆ ವಾರವೇ ಪುಸ್ತಕ ಕಾಣೆಯಾಯಿತು. ಎಲ್ಲಿ ಎಂದು ಕೇಳಿದರೆ, "ನಿಂಗೇ ಕೊಟ್ಟೆನಲ್ಲ" ಎಂದಳು. ಲೈಬ್ರರಿ ನೋಡಿಕೊಳ್ಳುತ್ತಿದ್ದ ಮೇಷ್ಟ್ರ ಮುಂದೆಯೂ ಅದನ್ನೇ ಹೇಳಿದಳು. ಕಳೆದವಳೂ ನಾನು, ಸುಳ್ಳಿಯೂ ನಾನು ಎಂದಾಯಿತು. ಇಡೀ ವರ್ಷ ನನಗೆ ಪುಸ್ತಕ ಕೊಡಕೂಡದು ಎಂದು ಮೇಷ್ಟ್ರು ಕ್ಲಾಸಿನ ಎದುರಿಗೇ ಹೇಳಿದರು. ಪುಸ್ತಕದ ಹುಚ್ಚಿದ್ದ ಹುಡುಗಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ? ಅಂದಿನಿಂದ ಅವಳ ಹತ್ತಿರ ಮಾತು ಬಿಟ್ಟೆ. ಓದಲು ಪುಸ್ತಕವಿಲ್ಲದ್ದರಿಂದ ಕಾದಂಬರಿಯ ಉಳಿದರ್ಧವನ್ನು ನಾನೇ ಕಟ್ಟಿಕೊಂಡೆ. ದಿನಕ್ಕೊಂದು ಸೇಡು. ಎಲ್ಲದರಲ್ಲೂ ಮೋಸಗಾರನಿಗೆ ಅವಳದೇ ಮುಖ, ಅವಳದೇ ಮೂಗು.

ಇಪ್ಪತ್ತೇಳು ವರ್ಷದ ಮೇಲೆ ಅದೇ ಪುಸ್ತಕ ನನ್ನ ಮೇಜಿನ ಮೇಲೆ. ಪುಟ ತಿರುವಿದೆ. ಮೊದಲರ್ಧ ನಮ್ಮ ಕೈಬೆವರಿಗೆ ಮೆತ್ತಗಾಗಿತ್ತು. ನಡುವೆ ಒಂದು ಒಣಗಿದ ಸಿಲ್ವರ್ ಓಕ್ ಎಲೆ. ಅಲ್ಲಿಂದ ಮುಂದಿನ ಪುಟಗಳು ಬೆರಳಿನ ಗುರುತೇ ಇಲ್ಲದೆ ಗರಿಗರಿಯಾಗಿದ್ದವು. ಕದ್ದದ್ದೂ ಅಲ್ಲದೆ ಓದಲೂ ಇಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು.

ಮಡಿಕೇರಿಗೆ ಯಾರು ಹೋಗುವುದೆಂದು ಹೇಳಬೇಕಾಗಿದ್ದದ್ದು ಅವತ್ತೇ. ಎಲ್ಲರೂ ಆ ಹುಡುಗಿಯ ಕಡೆ ನೋಡುತ್ತಿದ್ದರು. ನಾನು ಗಟ್ಟಿ ಗಂಟಲಿನ ಹುಡುಗನ ಹೆಸರು ಹೇಳಿದೆ. ಅವನೇ ಗಾಬರಿಯಿಂದ "ನಾನಾ?" ಎಂದ. ಹುಡುಗಿ ಒಂದು ಕ್ಷಣ ಕಿಟಕಿಯ ಹೊರಗೆ ನೋಡಿ, "ಸರಿ ಮೇಡಂ" ಎಂದಳು. ಮನೆಗೆ ಹೋಗುವಾಗ ಮನಸ್ಸಿಗೆ ಹಿತವಾಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು. ಆ ಹಿತ ಎರಡು ದಿನ ಬಾಳಿತು. ಮೂರನೆಯ ದಿನದಿಂದ ಊಟ ಸೇರಲಿಲ್ಲ.

ಮುಂದಿನ ಶನಿವಾರ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಅವತ್ತಿನ ಚರ್ಚೆ, ನಾಯಕ ಮಾಡಿದ್ದು ಸರಿಯೋ ತಪ್ಪೋ ಎಂದು. ಸರಿ ಎನ್ನುವವರೇ ಹೆಚ್ಚು. ಗಟ್ಟಿ ಗಂಟಲಿನ ಹುಡುಗ ಮಾತ್ರ, "ಅಪ್ಪ ಮಾಡಿದ್ದಕ್ಕೆ ಮಕ್ಕಳು ಯಾಕೆ ಅನುಭವಿಸ್ಬೇಕು ಮೇಡಂ?" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಆದರೂ ನನಗೆ ಅವನ ಕಡೆ ನೋಡಲಾಗಲಿಲ್ಲ, ಸುಮ್ಮನೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತೆ.

ಆಮೇಲೆ ಅವಳು ಮಾತಾಡಿದಳು. "ನಂಗೆ ಬೇಜಾರಾಗೋದು ಬೇರೆ ವಿಷ್ಯಕ್ಕೆ. ಅವ್ನು ಅಷ್ಟು ಚೆನ್ನಾಗಿ ವೇಷ ಹಾಕ್ಕೊಂಡಿದ್ದಾನೆ. ಆ ಮೋಸ ಮಾಡಿದೋರಲ್ಲಿ ಒಬ್ರಿಗಾದ್ರೂ ಇಷ್ಟು ವರ್ಷ ಮನಸ್ಸಿಗೆ ಚುಚ್ತಾ ಇದ್ದಿರ್ಬೋದಲ್ವಾ? ಇವನೇ ಅವ್ನು ಅಂತ ಗೊತ್ತಾದ್ರೆ ತಾನೇ ಅವ್ರು ತಪ್ಪಾಯ್ತು ಅನ್ನೋದು? ಕೇಳ್ಕೊಳ್ಳೋಕೂ ಒಂದು ದಾರಿ ಬಿಡ್ಲಿಲ್ಲ ಇವ್ನು."

ಕೋಣೆಯಲ್ಲಿ ಹಗುರಾಗಿ ಮಾತು ಮುಂದುವರಿಯಿತು. ನಾನು ಮಾತ್ರ ಅಲ್ಲೇ ಸಿಕ್ಕಿಕೊಂಡಿದ್ದೆ. ಕೊನೆಗೆ ಮೇಜು ತಟ್ಟಿ, "ಕೇಳಿ ಇಲ್ಲಿ. ಹೋದ ವಾರ ನಾನು ತಪ್ಪು ಮಾಡಿದೆ. ಮಡಿಕೇರಿಗೆ ಹೋಗೋಳು ಇವಳು" ಎಂದೆ. ಕಾಳುಮೆಣಸಿನ ಬಾಯಲ್ಲಿ ತಪ್ಪು ಎಂಬ ಮಾತು ಕೇಳಿ ಅವರಿಗೆ ನಂಬಿಕೆ ಬರಲಿಲ್ಲ. ಗಟ್ಟಿ ಗಂಟಲಿನವನು ಬೆಂಚಿಗೆ ಒರಗಿ, "ಉಳಿಸಿಬಿಟ್ರಿ ಮೇಡಂ, ನಾನು ಅರ್ಧನೇ ಓದಿರೋದು" ಎಂದ. ಹುಡುಗಿಯ ಮುಖ ಅರಳಿದ್ದನ್ನು ನೋಡಿ ನನಗೆ ವಾರದಿಂದ ಸತ್ತಿದ್ದ ಹಸಿವು ಕೆರಳಿತು. ಎಲ್ಲರೂ ಹೊರಟ ಮೇಲೆ ಅವಳನ್ನು ನಿಲ್ಲಿಸಿ, "ನಿಮ್ಮಮ್ಮನ್ನ ಒಂದ್ಸಲ ಕರ್ಕೊಂಡು ಬಾ" ಎಂದೆ. "ನೀವು ಕೇಳೇ ಕೇಳ್ತೀರ, ಕೇಳೋವರ್ಗೂ ಬಾಯಿ ಬಿಡ್ಬೇಡ ಅಂದಿದ್ರು ಅಮ್ಮ" ಎಂದು ನಕ್ಕಳು.

ಬುಧವಾರ ಗೆಳತಿ ಬಂದಳು. ತಲೆಯಲ್ಲಿ ನನ್ನಷ್ಟೇ ನರೆ. ಬಾಗಿಲಲ್ಲೇ ನಿಂತು ಕೈಮುಗಿದು, "ನಮಸ್ಕಾರ ಮೇಡಂ" ಎಂದಳು.

"ಮೇಡಮ್ಮಂತೆ ಮೇಡಮ್ಮು. ಬಂದು ಕೂತ್ಕೊಳೇ" ಎಂದು ರೇಗಿದೆ. ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಕೂತವಳೇ ಒಂದೇ ಉಸಿರಿಗೆ ಹೇಳತೊಡಗಿದಳು.

"ಅವತ್ತು ಕಣ ಕಾಯ್ತಾ ಪುಸ್ತಕ ಮಡ್ಲಲ್ಲಿ ಇಟ್ಕೊಂಡು ಕೂತಿದ್ದೆ ಕಣೇ. ನೀನಿಲ್ದೆ ಓದೋ ಹಂಗಿಲ್ವಲ್ಲ, ಸುಮ್ನೆ ಚಿತ್ರ ನೋಡ್ತಿದ್ದೆ. ಅಪ್ಪ ಬರೋದು ಕಾಣಿಸ್ತು. ಬೈತಾರೆ ಅಂತ ಒಣಗಿದ ಕಾಫಿ ರಾಶಿಯೊಳಗೆ ತುರುಕಿಬಿಟ್ಟೆ. ಅಷ್ಟೊತ್ತಿಗೆ ಮೋಡ ಮುಚ್ಕೊಂಡು ಬಂತು. ಅಪ್ಪ, ಚಿಕ್ಕಪ್ಪ, ಆಳುಗಳು ಎಲ್ಲಾ ಸೇರಿ ಗಡಿಬಿಡೀಲಿ ಮೂಟೆಗೆ ತುಂಬಿ ಹೊಲಿದು ಅಟ್ಟಿ ಹಾಕಿದ್ರು. ಪುಸ್ತಕ ಯಾವ ಮೂಟೇಲಿ ಹೋಯ್ತು ಅಂತ ಯಾರಿಗ್ ಗೊತ್ತು? ಅಪ್ಪಂಗೆ ಹೇಳಿದ್ರೆ ಅಷ್ಟನ್ನೂ ಬಿಚ್ಚಬೇಕು. ಹೆದ್ರಿಕೊಂಡು ನಿಂಗೆ ಕೊಟ್ಟೆ ಅಂದೆ. ಒಂದ್ಸಲ ಅಂದ್ಮೇಲೆ ಅದನ್ನೇ ಹೇಳ್ಬೇಕಾಯ್ತು."

ಬೆಲೆ ಏರಲಿ ಎಂದು ಅವರಪ್ಪ ಆ ಕಾಫಿಯನ್ನು ಎರಡು ವರ್ಷ ಇಟ್ಟುಕೊಂಡಿದ್ದರಂತೆ. ಮಾರುವ ಮುಂಚೆ ಇನ್ನೊಮ್ಮೆ ಬಿಸಿಲಿಗೆ ಹಾಕಲು ಮೂಟೆ ಸುರಿದಾಗ ಪುಸ್ತಕ ಹೊರಗೆ ಬಿತ್ತು. ಅಷ್ಟರಲ್ಲಿ ನಾನು ಮಡಿಕೇರಿಯ ಹಾಸ್ಟೆಲ್ ಸೇರಿದ್ದೆ. "ನಿನ್ನ ಮುಂದೆ ಬರೋಕೆ ಮುಖ ಇರ್ಲಿಲ್ಲ. ಈ ಕಾಲೇಜಲ್ಲಿ ನೀನಿದ್ದೀಯ ಅಂತ ಗೊತ್ತಾಗೇ ಮಗಳನ್ನ ಇಲ್ಲಿಗೆ ಸೇರಿಸ್ದೆ. ಆದ್ರೂ ಯಾರ ಮಗಳು ಅಂತ ಹೇಳ್ಬೇಡ ಅಂದೆ. ನನ್ನ ಮೇಲಿನ ಸಿಟ್ಟು ಅವಳ ಮೇಲೆ ಬಂದ್ರೆ ಅಂತ ಭಯ. ನೀನು ಇದೇ ಪುಸ್ತಕ ಕೇಳ್ತಿದ್ದೀಯ ಅಂದಾಗ ಮಾತ್ರ ತಡೀಲಾರ್ದೆ ಕೊಟ್ಟು ಕಳಿಸ್ದೆ."

ಬಂದಿತ್ತು, ಒಂದು ವಾರ ಪೂರ್ತಿ. ಅದನ್ನು ಮುಚ್ಚಿಡದೆ ಹೇಳಿದೆ. ಅವಳು ನನ್ನನ್ನೇ ನೋಡಿ, "ಒಂದೇ ವಾರನಾ? ನಾನು ವರ್ಷ ಅಂದ್ಕೊಂಡಿದ್ದೆ" ಎಂದಳು. ಇಬ್ಬರೂ ನಕ್ಕಿದ್ದು ಕೇಳಿ ಪಕ್ಕದ ಕೋಣೆಯಿಂದ ಇಂಗ್ಲಿಷ್ ಮೇಷ್ಟ್ರು ಇಣುಕಿ ಹೋದರು. ಆದರೆ ಆ ಗರಿಗರಿ ಪುಟಗಳ ವಿಷಯವನ್ನು ನಾನು ಎತ್ತಲಿಲ್ಲ. ಓದುವ ಆಸೆ ಬತ್ತಿರಬೇಕು, ಸಂಸಾರದ ಕೆಲಸದಲ್ಲಿ ಪುರಸೊತ್ತು ಎಲ್ಲಿ ಎಂದುಕೊಂಡೆ.

ಮಡಿಕೇರಿಯ ಕಾರ್ಯಕ್ರಮಕ್ಕೆ ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು. ಸಭಾಂಗಣದ ಹಿಂದಿನ ಸಾಲಿನಲ್ಲಿ ನಾನೂ ಗೆಳತಿಯೂ ಕೂತೆವು. ಅವಳ ಮಡಿಲಲ್ಲಿ ಕೆಂಪು ಬೆನ್ನಿನ ಪುಸ್ತಕ. ಮೈಕಿನ ಮುಂದೆ ನಿಂತ ಹುಡುಗಿ ಮೊದಲ ಎರಡು ವಾಕ್ಯವನ್ನು ಗಡಿಬಿಡಿಯಲ್ಲಿ ಹೇಳಿ ಮುಗಿಸಿದಳು. ಆಮೇಲೆ ನೋಡಬೇಕಿತ್ತು ಅವಳನ್ನು. ಈ ಕಥೆ ಮಾದಾಪುರದಲ್ಲಿ ಯಾಕೆ ನಡೆಯುವುದಿಲ್ಲ ಎಂದು ಹೇಳಿ ಇಡೀ ಸಭೆಯನ್ನು ನಗಿಸಿದಳು. ನಾಯಕ ಊರಿಗೆ ಬಂದದ್ದು, ಮೋಸಗಾರನ ಬಾಗಿಲು ತಟ್ಟಿದ್ದು ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದಳು. ನನಗೆ ಹೆಮ್ಮೆಯಿಂದ ಕೂತಲ್ಲಿ ಕೂರಲಾಗಲಿಲ್ಲ. ಪಕ್ಕಕ್ಕೆ ತಿರುಗಿದರೆ, ನನ್ನ ಗೆಳತಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದಾಳೆ.

ಮೈಕಿನ ಸದ್ದು ಹೆಚ್ಚಾಯಿತೇನೋ ಎಂದು ಅವಳ ಕೈ ಎಳೆದು, "ಏನೇ? ನಿನ್ನ ಮಗಳು ಮಾತಾಡ್ತಿರೋದು!" ಎಂದೆ.

"ಮುಂದಿಂದು ಹೇಳ್ತಿದ್ದಾಳೆ ಕಣೇ" ಎಂದು ಪಿಸುಗುಟ್ಟಿದಳು. "ನಾವಿನ್ನೂ ಅಲ್ಲಿಗೆ ಬಂದಿಲ್ವಲ್ಲ."

ಆ ಕಾದಂಬರಿಯನ್ನು ಡಿಗ್ರಿ ಓದುವಾಗಲೇ ಮುಗಿಸಿ, ಆಮೇಲೆ ಮೂರು ಬ್ಯಾಚಿಗೆ ಹೇಳಿಕೊಟ್ಟಿದ್ದ ನಾನು, ನನ್ನ ಕಿವಿಗಳನ್ನೂ ಮುಚ್ಚಿಕೊಂಡೆ.